ಹಳೆಯ ಡಿಬಿಎಫ್‌ನಿಂದ ಎಕ್ಸ್‌ಎಂಎಲ್‌ಗೆ, ಮತ್ತೆ ವಾಪಸ್: ಡೇಟಾ ಕೆಡದಂತೆ ದಾಟಿಸುವುದು ಹೇಗೆ?

ಡಾಸ್ ಕಾಲದಲ್ಲಿ ಬರೆದ ಲೆಕ್ಕಪತ್ರದ ಪ್ರೋಗ್ರಾಂಗಳು ಇವತ್ತಿಗೂ ಎಷ್ಟೋ ಕಡೆ ಓಡುತ್ತಿವೆ. ಸ್ಟಾಕ್, ಬಿಲ್, ಸಂಬಳ, ಸದಸ್ಯರ ಪಟ್ಟಿ ಎಲ್ಲವೂ ಅಲ್ಲಿ ಡಿಬಿಎಫ್ ಫೈಲ್‌ಗಳಾಗಿ ಕೂತಿರುತ್ತವೆ. ಹೊಸ ಸಾಫ್ಟ್‌ವೇರ್ ಕೇಳುವುದು ಎಕ್ಸ್‌ಎಂಎಲ್, ಅಂದರೆ ಪ್ರತಿ ಮಾಹಿತಿಗೂ ಹೆಸರಿನ ಟ್ಯಾಗ್ ಹಚ್ಚಿ ಬರೆಯುವ ಪಠ್ಯ ರೂಪ. ಕೆಲವೊಮ್ಮೆ ಉಲ್ಟಾ ಕೂಡ: ಹೊರಗಿನಿಂದ ಬಂದ ಎಕ್ಸ್‌ಎಂಎಲ್ ಅನ್ನು ಹಳೆಯ ಪ್ರೋಗ್ರಾಂಗೆ ತುಂಬಬೇಕಾಗುತ್ತದೆ.

ಒಂದು ಕನ್ವರ್ಟರ್ ತಂದು ಬಟನ್ ಒತ್ತಿದರೆ ಮುಗೀತಲ್ವಾ ಅಂತ ಅನಿಸುವುದು ಸಹಜ. ಬಟನ್ ಒತ್ತಿದರೆ ಫೈಲ್ ಬರುವುದೇನೋ ನಿಜ. ಆದರೆ ಈ ಕೆಲಸದಲ್ಲಿ ಬಹಳಷ್ಟು ತಪ್ಪುಗಳು ಎರರ್ ಮೆಸೇಜ್ ಕೊಡುವುದೇ ಇಲ್ಲ. ಕೋಡಿನ ಮುಂದಿದ್ದ ಸೊನ್ನೆ ಹಾರಿಹೋಗಿರುತ್ತದೆ. ಅಳಿಸಿದ್ದ ಸಾಲು ಮತ್ತೆ ಜೀವ ಪಡೆದಿರುತ್ತದೆ. ಉದ್ದದ ಹೆಸರಿನ ಬಾಲ ಕತ್ತರಿಸಿರುತ್ತದೆ. ತಿಂಗಳುಗಳ ನಂತರ ಯಾರೋ ಬಿಲ್ ತಾಳೆ ನೋಡುವಾಗ ಅದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ನನ್ನ ಒತ್ತಾಯ ಒಂದೇ: ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಗೆ ಮೊದಲು, ಯಾವ ಕಾಲಂ ಏನಾಗಬೇಕು ಅನ್ನುವ ಹೊಂದಾಣಿಕೆ ಪಟ್ಟಿ ಬರೆಯಿರಿ.

ಮೊದಲ ಹೆಜ್ಜೆ: ಡಿಬಿಎಫ್ ಒಳಗೆ ಏನಿದೆ ನೋಡಿ

ಡಿಬಿಎಫ್ ರೂಪ ಬಂದದ್ದು ಆಷ್ಟನ್-ಟೇಟ್ ಕಂಪನಿಯ ಡಿಬೇಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಿಂದ. 1984ರಲ್ಲಿ ಬಂದ ಡಿಬೇಸ್ 3ರ ವಿನ್ಯಾಸವೇ ಬಹುಮಟ್ಟಿಗೆ ಈಗಲೂ ಉಳಿದಿದೆ. ಫಾಕ್ಸ್‌ಪ್ರೊ, ಕ್ಲಿಪ್ಪರ್ ಕೂಡ ಇದೇ ದಾರಿ ಹಿಡಿದವು. ಭೂಪಟದ ಶೇಪ್‌ಫೈಲ್‌ಗಳ ಜೊತೆ ಬರುವ ಮಾಹಿತಿ ಕೋಷ್ಟಕವೂ ಡಿಬಿಎಫ್ಫೇ.

ಇದರ ರಚನೆ ತುಂಬಾ ಸರಳ, ಅಷ್ಟೇ ಕಟ್ಟುನಿಟ್ಟು. ಮೊದಲು 32 ಬೈಟ್‌ನ ಹೆಡರ್. ಆಮೇಲೆ ಪ್ರತಿ ಕಾಲಂಗೆ 32 ಬೈಟ್‌ನ ವಿವರಣೆ: ಹೆಸರು, ಬಗೆ, ಅಗಲ, ದಶಮಾಂಶ ಎಷ್ಟು ಅಂತ. ಕೊನೆಗೆ 1 ಬೈಟ್‌ನ ಗುರುತು. ಅಲ್ಲಿಂದ ಮುಂದೆ ಸಾಲು ಸಾಲಾಗಿ ಡೇಟಾ. ಎಲ್ಲ ಸಾಲುಗಳ ಅಗಲವೂ ಒಂದೇ.

ಒಂದು ಸ್ಟಾಕ್ ಫೈಲ್ ತೆಗೆದುಕೊಳ್ಳೋಣ. ಅದರಲ್ಲಿ 5 ಕಾಲಂ: ಕೋಡ್ 5 ಬೈಟ್, ಹೆಸರು 20, ದರ 9 (ಅದರಲ್ಲಿ 2 ದಶಮಾಂಶ), ದಿನಾಂಕ 8, ಲಭ್ಯ ಇದೆಯೋ ಇಲ್ಲವೋ ಅನ್ನುವುದಕ್ಕೆ 1. ಒಂದು ಸಾಲು ಹೀಗಿರುತ್ತದೆ (ಹೆಸರು ಮೂಲದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿದೆ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ; ಕೊನೆಯ ಟಿ ಅಂದರೆ ಲಭ್ಯ ಇದೆ):

00452ನಟ್ & ಬೋಲ್ಟ್            1250.5020090307ಟಿ

ದರ ಎಲ್ಲಿ ಮುಗಿಯಿತು, ದಿನಾಂಕ ಎಲ್ಲಿ ಶುರುವಾಯಿತು ಅಂತ ನೋಡಿ ಹೇಳಲು ಆಗುವುದಿಲ್ಲ. ನಡುವೆ ಅಲ್ಪವಿರಾಮವೂ ಇಲ್ಲ, ಗೆರೆಯೂ ಇಲ್ಲ. ಹೆಡರ್‌ನಲ್ಲಿ ಬರೆದ ಅಗಲವನ್ನು ನಂಬಿ ಎಣಿಸಿಕೊಂಡೇ ಓದಬೇಕು. ಹೆಡರ್ ಕೆಟ್ಟರೆ ಇಡೀ ಫೈಲ್ ಅರ್ಥ ಕಳೆದುಕೊಳ್ಳುತ್ತದೆ.

ಇದರಿಂದ ಒಂದು ಲಾಭವೂ ಇದೆ. ಫೈಲ್ ಸರಿಯಾಗಿದೆಯೇ ಅಂತ ತೆರೆಯುವ ಮೊದಲೇ ಲೆಕ್ಕ ಹಾಕಬಹುದು. ನಮ್ಮ ಉದಾಹರಣೆಯಲ್ಲಿ ಹೆಡರ್ 32 + (5 × 32) + 1, ಅಂದರೆ 193 ಬೈಟ್. ಒಂದು ಸಾಲು 5 + 20 + 9 + 8 + 1 ಸೇರಿ 43, ಜೊತೆಗೆ ಸಾಲಿನ ಮುಂದೆ 1 ಬೈಟ್ ಗುರುತು, ಒಟ್ಟು 44. ಸಾವಿರ ಸಾಲಿದ್ದರೆ 193 + 44,000 = 44,193. ಫೈಲ್ ಮುಗಿಯಿತು ಅನ್ನುವ ಗುರುತು ಇದ್ದರೆ ಇನ್ನೊಂದು ಬೈಟ್ ಜಾಸ್ತಿ. ಅಸಲಿ ಗಾತ್ರ ಇದಕ್ಕಿಂತ ಕಡಿಮೆ ಬಂದರೆ ಕಾಪಿ ಮಾಡುವಾಗಲೇ ಏನೋ ತುಂಡಾಗಿದೆ. ಈ ಲೆಕ್ಕ ಡಿಬೇಸ್ 3 ಮಾದರಿಗೆ; ವಿಷುಯಲ್ ಫಾಕ್ಸ್‌ಪ್ರೊ ಹೆಡರ್‌ನಲ್ಲಿ ಇನ್ನೂ 263 ಬೈಟ್ ಸೇರಿಸಿಕೊಳ್ಳಿ.

ಆ ಸಾಲಿನ ಮುಂದಿನ 1 ಬೈಟ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಡಿಬಿಎಫ್‌ನಲ್ಲಿ ಒಂದು ಸಾಲನ್ನು ಡಿಲೀಟ್ ಮಾಡಿದರೆ ಅದು ತಕ್ಷಣ ಹೋಗುವುದಿಲ್ಲ. ಆ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ (*) ಬೀಳುತ್ತದೆ, ಅಷ್ಟೇ. ಫೈಲನ್ನು ಪ್ಯಾಕ್ ಮಾಡುವ (ಅಳಿಸಿದ ಸಾಲುಗಳನ್ನು ನಿಜವಾಗಿ ತೆಗೆದುಹಾಕುವ) ತನಕ ಡೇಟಾ ಅಲ್ಲೇ ಇರುತ್ತದೆ. ಹೆಡರ್‌ನಲ್ಲಿರುವ ಸಾಲುಗಳ ಸಂಖ್ಯೆ ಅಳಿಸಿದವನ್ನೂ ಸೇರಿಸಿಯೇ ಹೇಳುತ್ತದೆ. ನಿಮ್ಮ ಕನ್ವರ್ಟರ್ ಈ ನಕ್ಷತ್ರವನ್ನು ಗಮನಿಸದಿದ್ದರೆ ಬಿಟ್ಟುಹೋದ ಗ್ರಾಹಕರು, ರದ್ದಾದ ಬಿಲ್‌ಗಳು ಎಲ್ಲ ಹೊಸ ಫೈಲ್‌ನಲ್ಲಿ ಪ್ರತ್ಯಕ್ಷ. ಎರಡು ಸಾಲು ಅಳಿಸಿದ ಪರೀಕ್ಷಾ ಫೈಲ್ ಮಾಡಿ ಮೊದಲೇ ನೋಡಿಕೊಳ್ಳಿ.

ಎರಡನೇ ಹೆಜ್ಜೆ: ಹೊಂದಾಣಿಕೆ ಪಟ್ಟಿ

ಎಕ್ಸ್‌ಎಂಎಲ್ 1998ರ ಫೆಬ್ರವರಿಯಲ್ಲಿ, ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಬಂತು. ಇಲ್ಲಿ ಅಗಲದ ಹಂಗಿಲ್ಲ, ಹೆಸರಿನ ಉದ್ದಕ್ಕೂ ಮಿತಿ ಇಲ್ಲ. ಟ್ಯಾಗ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಮೇಲಿನ ಸಾಲು ಎಕ್ಸ್‌ಎಂಎಲ್‌ನಲ್ಲಿ ಹೀಗಾಗುತ್ತದೆ:

<ಸರಕು>
  <ಕೋಡ್>00452</ಕೋಡ್>
  <ಹೆಸರು>ನಟ್ &#38; ಬೋಲ್ಟ್</ಹೆಸರು>
  <ದರ>1250.50</ದರ>
  <ದಿನಾಂಕ>2009-03-07</ದಿನಾಂಕ>
  <ಲಭ್ಯ>1</ಲಭ್ಯ>
</ಸರಕು>

ಇಷ್ಟು ಚಿಕ್ಕ ತುಣುಕಿನಲ್ಲೇ ಐದು ತೀರ್ಮಾನ ಅಡಗಿವೆ. ಕೋಡ್ ನೋಡಲು ಸಂಖ್ಯೆ, ಆದರೆ ಅದು ಪಠ್ಯ, ಹಾಗೇ ಉಳಿಯಬೇಕು. ಹೆಸರಿನ ಬಲಗಡೆ ತುಂಬಿದ್ದ ಖಾಲಿ ಜಾಗ ಕಿತ್ತು ಹಾಕಿದ್ದೇವೆ. ಆಂಪರ್ಸಂಡ್ ಚಿಹ್ನೆ ಎಕ್ಸ್‌ಎಂಎಲ್‌ನಲ್ಲಿ ನೇರವಾಗಿ ಬರುವಂತಿಲ್ಲ, ಅದಕ್ಕೆ &#38; ಬಂದಿದೆ. < ಚಿಹ್ನೆಗೂ ಹಾಗೇ, &#60; ಬರೆಯಬೇಕು. ದಿನಾಂಕದ ನಡುವೆ ಅಡ್ಡಗೆರೆ ಬಂತು, ಎಕ್ಸ್‌ಎಂಎಲ್ ಸ್ಕೀಮಾ (ಯಾವ ಟ್ಯಾಗ್‌ನಲ್ಲಿ ಯಾವ ಬಗೆಯ ಮಾಹಿತಿ ಬರಬೇಕು ಅನ್ನುವ ನಿಯಮ) ಕೇಳುವುದು ಅದೇ ರೂಪ. ಹೌದು-ಅಲ್ಲ ಅನ್ನುವ ಒಂದಕ್ಷರ 1 ಅಥವಾ 0 ಆಯಿತು.

ಖಾಲಿ ಕಾಲಂ ಬಂದಾಗ ಏನು ಮಾಡುತ್ತೀರಿ ಅನ್ನುವುದನ್ನೂ ಪಟ್ಟಿಯಲ್ಲಿ ಬರೆಯಿರಿ. ಡಿಬೇಸ್ 3ರಲ್ಲಿ ದರ ತುಂಬದೆ ಬಿಟ್ಟರೆ ಅಲ್ಲಿ 9 ಖಾಲಿ ಜಾಗ ಇರುತ್ತದೆ. ಅದು ಸೊನ್ನೆ ಅಲ್ಲ. ದರ ಗೊತ್ತಿಲ್ಲ ಅನ್ನುವುದಕ್ಕೂ ಪುಕ್ಕಟೆ ಅನ್ನುವುದಕ್ಕೂ ವ್ಯವಹಾರದಲ್ಲಿ ಭಾರಿ ವ್ಯತ್ಯಾಸ. ಖಾಲಿ ಇದ್ದರೆ ಟ್ಯಾಗನ್ನೇ ಬಿಟ್ಟುಬಿಡುವುದು ನನಗೆ ಹಿಡಿಸಿದ ದಾರಿ. ತೆಗೆದುಕೊಳ್ಳುವ ಕಡೆಯವರು ಒಪ್ಪಬೇಕು ಅಷ್ಟೇ.

ಮೂರನೇ ಹೆಜ್ಜೆ: ಅಕ್ಷರಗಳ ಗೊಂದಲ ಬಿಡಿಸಿ

ಕೆಲಸ ಹೆಚ್ಚು ಸಿಕ್ಕಿಕೊಳ್ಳುವುದು ಇಲ್ಲೇ. ಡಿಬಿಎಫ್ ಹುಟ್ಟುವಾಗ ಯುನಿಕೋಡ್ ಇರಲಿಲ್ಲ. 127ರ ಮೇಲಿನ ಬೈಟ್‌ಗಳ ಅರ್ಥ ಕೋಡ್‌ಪೇಜ್ (ಯಾವ ಬೈಟ್ ಯಾವ ಅಕ್ಷರ ಅನ್ನುವ ಪಟ್ಟಿ) ಮೇಲೆ ನಿಂತಿದೆ. ಹೆಡರ್‌ನಲ್ಲಿ ಕೋಡ್‌ಪೇಜ್ ಹೇಳಲು ಒಂದು ಬೈಟ್ ಇದೆ, ಆದರೆ ಹಳೆಯ ಫೈಲ್‌ಗಳಲ್ಲಿ ಅದು ಬಹಳ ಸಲ ಸುಮ್ನೆ 0 ಆಗಿರುತ್ತದೆ.

ಹಾಗಾದರೆ ಪತ್ತೆ ಹೇಗೆ? ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಸಾಲು ಹುಡುಕಿ. ಅರ್ಧ ಇಂಚಿನ ಬೋಲ್ಟ್ ಇದೆ ಅಂದುಕೊಳ್ಳಿ, ಹೆಸರಿನಲ್ಲಿ ½ ಇದೆ. ಡಾಸ್‌ನ 437 ಕೋಡ್‌ಪೇಜ್‌ನಲ್ಲಿ ½ ಅಂದರೆ 171ನೇ ಬೈಟ್. ವಿಂಡೋಸ್‌ನ 1252ರಲ್ಲಿ ಅದೇ 171 ಅಂದರೆ «. ಹಾಗಾಗಿ ತೆರೆದಾಗ ½ ಬದಲು « ಕಂಡರೆ ಫೈಲ್ ಡಾಸ್ ಕಾಲದ್ದು, ನೀವು ವಿಂಡೋಸ್ ಕೋಡ್‌ಪೇಜ್ ಹಿಡಿದಿದ್ದೀರಿ ಅಂತ ಅರ್ಥ. ಬದಲಿಸಿ ಮತ್ತೆ ತೆರೆಯಿರಿ. ಫಾಂಟ್ ನಂಬಿ ಟೈಪ್ ಮಾಡಿದ ಹಳೆಯ ಕನ್ನಡ ಪಠ್ಯ ಇದ್ದರೆ ಕೋಡ್‌ಪೇಜ್ ಬದಲಿಸಿ ಪ್ರಯೋಜನ ಇಲ್ಲ. ಅದಕ್ಕೆ ಯುನಿಕೋಡ್‌ಗೆ ತಿರುಗಿಸುವ ಬೇರೆ ಪರಿವರ್ತಕವೇ ಬೇಕು.

ಇನ್ನೊಂದು ಅಡಚಣೆ ಕಣ್ಣಿಗೆ ಕಾಣದ ಬೈಟ್‌ಗಳು. 32ಕ್ಕಿಂತ ಕೆಳಗಿನ ನಿಯಂತ್ರಣ ಅಕ್ಷರಗಳಲ್ಲಿ ಎಕ್ಸ್‌ಎಂಎಲ್ 1.0 ಒಪ್ಪುವುದು ಮೂರನ್ನು ಮಾತ್ರ: ಟ್ಯಾಬ್ ಮತ್ತು ಸಾಲು ಮುರಿಯುವ ಎರಡು. ಬೇರೆ ಒಂದೇ ಒಂದು ಸೇರಿಕೊಂಡರೂ ಪಾರ್ಸರ್ (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂ) ಇಡೀ ಫೈಲ್ ತಿರಸ್ಕರಿಸುತ್ತದೆ. ಉದ್ದದ ಟಿಪ್ಪಣಿ ಇಡುವ ಮೆಮೊ ಕಾಲಂಗಳಲ್ಲಿ ಹಳೆಯ ಎಡಿಟರ್‌ಗಳು ಸಾಲು ಮಡಚಲು ಹಾಕಿದ 141ನೇ ಬೈಟ್ ಕೂಡ ಇರಬಹುದು. ಇದನ್ನೆಲ್ಲ ಎಕ್ಸ್‌ಎಂಎಲ್ ಬರೆಯುವ ಮೊದಲೇ ತೊಳೆಯಬೇಕು. ಅಂದ ಹಾಗೆ ಮೆಮೊ ಪಠ್ಯ ಡಿಬಿಎಫ್ ಒಳಗೆ ಇರುವುದಿಲ್ಲ. ಪಕ್ಕದ ಡಿಬಿಟಿ ಅಥವಾ ಎಫ್‌ಪಿಟಿ ಫೈಲ್‌ನಲ್ಲಿ ಇರುತ್ತದೆ. ಡಿಬಿಎಫ್ ಒಂದನ್ನೇ ಕಳಿಸಿದರೆ ಟಿಪ್ಪಣಿಗಳೆಲ್ಲ ಹಿಂದೆ ಉಳಿದವು ಅಂತಲೇ.

ನಾಲ್ಕನೇ ಹೆಜ್ಜೆ: ಈಗ ಸಾಫ್ಟ್‌ವೇರ್ ಆರಿಸಿ

ಒಂದೇ ಸಲದ ಕೆಲಸ, ಸಣ್ಣ ಫೈಲ್ ಆದರೆ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ತೆರೆಯುವಾಗಲೇ ಕೋಡ್‌ಪೇಜ್ ಕೇಳುತ್ತದೆ. ನಡುವೆ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯ ಫೈಲ್) ಮಾಡಿ ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ದಾರಿ ಮಾತ್ರ ಬೇಡ. 00452 ಅನ್ನುವುದು 452 ಆಗುವುದು ಅಲ್ಲೇ.

ಪದೇ ಪದೇ ಮಾಡುವ ಕೆಲಸಕ್ಕೆ ಪೈಥಾನ್ ಒಳ್ಳೆಯದು. ಡಿಬಿಎಫ್‌ರೀಡ್ ಲೈಬ್ರರಿ ಓದಿಕೊಡುತ್ತದೆ, ಅಳಿಸಿದ ಸಾಲುಗಳನ್ನು ಬೇರೆಯಾಗಿಯೇ ಇಡುತ್ತದೆ. ಎಕ್ಸ್‌ಎಂಎಲ್ ಬರೆಯಲು ಪೈಥಾನ್ ಜೊತೆಗೇ ಬರುವ ಎಲಿಮೆಂಟ್‌ಟ್ರೀ ಇದೆ. ಆಂಪರ್ಸಂಡ್ ತರಹದ ಚಿಹ್ನೆಗಳನ್ನು ಅದೇ ನೋಡಿಕೊಳ್ಳುತ್ತದೆ, ಹಾಗಾಗಿ ಟ್ಯಾಗ್‌ಗಳನ್ನು ಕೈಯಾರೆ ಜೋಡಿಸಿ ಬರೆಯಬೇಡಿ. ವಿಷುಯಲ್ ಫಾಕ್ಸ್‌ಪ್ರೊ ಇದ್ದವರಿಗೆ 7ನೇ ಆವೃತ್ತಿಯಿಂದಲೇ ಕರ್ಸರ್-ಟು-ಎಕ್ಸ್‌ಎಂಎಲ್ ಫಂಕ್ಷನ್ ಇದೆ, ಅದರ ಉಲ್ಟಾ ಕೂಡ. ಬಂದ ಎಕ್ಸ್‌ಎಂಎಲ್‌ನ ಆಕಾರ ಬದಲಿಸಬೇಕಾದರೆ ಎಕ್ಸ್‌ಎಸ್‌ಎಲ್‌ಟಿ ಎಂಬ ಪರಿವರ್ತನಾ ಭಾಷೆ ಬಳಸಿ.

ದುಡ್ಡು ಕೊಟ್ಟು ಕನ್ವರ್ಟರ್ ಕೊಳ್ಳುವವರು ಮೂರು ಪ್ರಶ್ನೆ ಕೇಳಿ. ಕೋಡ್‌ಪೇಜ್ ನಾವೇ ಆರಿಸಬಹುದಾ? ಅಳಿಸಿದ ಸಾಲು ಏನಾಗುತ್ತದೆ? ಮೆಮೊ ಬರುತ್ತದಾ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಐದನೇ ಹೆಜ್ಜೆ: ವಾಪಸ್ ದಾರಿ ಇನ್ನೂ ಕಠಿಣ

ಎಕ್ಸ್‌ಎಂಎಲ್ ಮರದ ಹಾಗೆ ಕವಲೊಡೆಯುತ್ತದೆ. ಡಿಬಿಎಫ್ ಚಪ್ಪಟೆ ಕೋಷ್ಟಕ. ಒಂದು ಬಿಲ್ ಟ್ಯಾಗ್ ಒಳಗೆ ಹತ್ತು ಸರಕು ಇದ್ದರೆ ಒಂದು ಡಿಬಿಎಫ್ ಸಾಲದು. ಬಿಲ್‌ಗೆ ಒಂದು, ಸರಕಿಗೆ ಒಂದು ಫೈಲ್ ಮಾಡಿ, ಎರಡರಲ್ಲೂ ಬಿಲ್ ನಂಬರ್ ಇಡಿ. ಸರಕುಗಳ ಕ್ರಮ ಮುಖ್ಯವಾದರೆ ಸಾಲಿನ ಸಂಖ್ಯೆಗೂ ಒಂದು ಕಾಲಂ ಕೊಡಿ.

ಕಾಲಂ ಹೆಸರು 10 ಅಕ್ಷರ ಮೀರುವಂತಿಲ್ಲ. ಕಸ್ಟಮರ್ ನೇಮ್, ಕಸ್ಟಮರ್ ನಂಬರ್ ಎಂದು ನಡುವೆ ಅಂಡರ್‌ಸ್ಕೋರ್ ಹಾಕಿ ಇಂಗ್ಲಿಷಿನಲ್ಲಿ ಬರೆದರೆ ಎರಡರ ಮೊದಲ 10 ಅಕ್ಷರವೂ ಒಂದೇ. ಕುರುಡಾಗಿ ಕತ್ತರಿಸುವ ಸಾಫ್ಟ್‌ವೇರ್ ಒಂದೇ ಹೆಸರಿನ ಎರಡು ಕಾಲಂ ಮಾಡಿಬಿಡಬಹುದು. ಚಿಕ್ಕ ಹೆಸರುಗಳನ್ನು ನೀವೇ ಕೊಡಿ.

ಅಗಲ ನಿರ್ಧರಿಸಲು ಎಕ್ಸ್‌ಎಂಎಲ್ ಅನ್ನು ಎರಡು ಸಲ ಓದಿ. ಮೊದಲ ಸಲ ಪ್ರತಿ ಟ್ಯಾಗ್‌ನ ಒಳಗಿನ ಅತಿ ಉದ್ದದ ಮಾಹಿತಿ ಎಷ್ಟು ಉದ್ದ ಅಂತ ಅಳೆಯಿರಿ, ಎರಡನೇ ಸಲ ಬರೆಯಿರಿ. ಅಳತೆ ಬೈಟ್‌ನಲ್ಲಿ ಇರಲಿ, ಅಕ್ಷರದಲ್ಲಿ ಅಲ್ಲ. ಈ ಹೆಸರನ್ನೇ ಕನ್ನಡದಲ್ಲಿ ನೋಡಿ: "ನಟ್ & ಬೋಲ್ಟ್". ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. ಈ ಪುಟ್ಟ ಹೆಸರು ತಿನ್ನುವುದು 30 ಬೈಟ್. 20 ಬೈಟ್‌ನ ಕಾಲಂಗೆ ತುರುಕಿದರೆ "ಬೋ" ತನಕ 18 ಬೈಟ್ ಆಗಿ, "ಲ" ಅಕ್ಷರದ 2 ಬೈಟ್ ಮಾತ್ರ ಒಳಗೆ ಬಂದು ಒಡೆದ ಚೂರು ಉಳಿಯುತ್ತದೆ. ಡಿಬೇಸ್ 3ರಲ್ಲಿ ಪಠ್ಯ ಕಾಲಂನ ಗರಿಷ್ಠ ಅಗಲ 254 ಬೈಟ್. ಅದಕ್ಕೂ ಉದ್ದವಿದ್ದರೆ ಮೆಮೊ. ಅದಕ್ಕಿಂತ ಮೊದಲು, ಹಳೆಯ ಪ್ರೋಗ್ರಾಂ ಯುಟಿಎಫ್-8 ತೋರಿಸಬಲ್ಲದೇ ಅಂತ ಒಂದು ಸಾಲು ಹಾಕಿ ನೋಡಿ.

ಸಂಖ್ಯೆಯ ಅಗಲದಲ್ಲಿ ಚುಕ್ಕೆ, ಋಣ ಚಿಹ್ನೆ ಎರಡೂ ಸೇರುತ್ತವೆ. ಅಗಲ 9, ದಶಮಾಂಶ 2 ಅಂದರೆ ಅತಿ ದೊಡ್ಡದು 999999.99, ಋಣದಲ್ಲಿ -99999.99 ಮಾತ್ರ.

ಆರನೇ ಹೆಜ್ಜೆ: ತಾಳೆ ನೋಡಿ

ಸಾಲುಗಳನ್ನು ಎಣಿಸಿ, ಅಳಿಸಿದವನ್ನು ಬಿಟ್ಟು. ದರದ ಕಾಲಂ ಎರಡೂ ಕಡೆ ಕೂಡಿ, ಕೊನೆಯ ಪೈಸೆ ತನಕ ಹೊಂದಬೇಕು. ಆಮೇಲೆ ಎಕ್ಸ್‌ಎಂಎಲ್‌ನಿಂದ ಮತ್ತೆ ಡಿಬಿಎಫ್ ಮಾಡಿ, ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಬಂದ ಪ್ರತಿ ಸಾಲಿಗೂ ಕಾರಣ ಹುಡುಕಿ, ಆ ಕಾರಣವನ್ನು ಹೊಂದಾಣಿಕೆ ಪಟ್ಟಿಗೆ ಸೇರಿಸಿ.

ಹೊಸ ಡಿಬಿಎಫ್ ಅನ್ನು ಹಳೆಯ ಪ್ರೋಗ್ರಾಂನ ಫೋಲ್ಡರ್‌ಗೆ ಹಾಕಿದ ಮೇಲೆ ಒಂದು ಕೆಲಸ ಬಾಕಿ. ಅಲ್ಲಿರುವ ಎನ್‌ಡಿಎಕ್ಸ್, ಎಂಡಿಎಕ್ಸ್ ಅಥವಾ ಸಿಡಿಎಕ್ಸ್ ಇಂಡೆಕ್ಸ್ ಫೈಲ್‌ಗಳು (ಸಾಲು ಬೇಗ ಹುಡುಕಲು ಇರುವ ಸೂಚಿಗಳು) ಇನ್ನೂ ಹಿಂದಿನ ಸಾಲುಗಳನ್ನೇ ತೋರಿಸುತ್ತಿರುತ್ತವೆ. ಪ್ರೋಗ್ರಾಂನ ರೀಇಂಡೆಕ್ಸ್ ಆದೇಶ ಓಡಿಸಿ, ಒಂದೆರಡು ಕೋಡ್ ಹುಡುಕಿ ನೋಡಿ, ಆಮೇಲೆ ಬೇರೆಯವರಿಗೆ ಫೈಲ್ ಬಳಸಲು ಬಿಡಿ. ಮೂಲ ಡಿಬಿಎಫ್, ಅದರ ಮೆಮೊ ಫೈಲ್, ನಿಮ್ಮ ಹೊಂದಾಣಿಕೆ ಪಟ್ಟಿ ಮೂರನ್ನೂ ಒಂದೇ ಕಡೆ ಬ್ಯಾಕಪ್ ಇಡಿ.