ಮದುವೆಯ ಛಾಯಾಗ್ರಹಣವನ್ನು ವೃತ್ತಿಯಾಗಿ ಕೈಗೊಳ್ಳುವವರಿಗೆ

ಮದುವೆಯ ಛಾಯಾಗ್ರಹಣದಿಂದಲೇ ಜೀವನ ನಡೆಸಬೇಕೆಂದಿರುವವರು ದುಬಾರಿ ಕ್ಯಾಮೆರಾ ಕೊಳ್ಳುವ ಮೊದಲು ಒಂದೆರಡು ವರ್ಷ ಅನುಭವಿಯೊಬ್ಬರ ಸಹಾಯಕರಾಗಿ ದುಡಿಯಬೇಕು. ಶಾಸ್ತ್ರಗಳ ಕ್ರಮ ಮನದಟ್ಟಾಗುವುದು ಅಲ್ಲಿಯೇ. ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಲಾಜಹೋಮ, ಸಪ್ತಪದಿ ಎಂಬ ಸಾಲು ಎಲ್ಲ ಮನೆಗಳಲ್ಲೂ ಒಂದೇ ಬಗೆಯಾಗಿರುವುದಿಲ್ಲ. ಕೊಡವರ ಮದುವೆಯಲ್ಲಂತೂ ಪುರೋಹಿತರೂ ಇಲ್ಲ, ಹೋಮವೂ ಇಲ್ಲ, ಅಲ್ಲಿ ಬಾಳೆಯ ದಿಂಡು ಕಡಿಯುವ ಗಳಿಗೆಗೆ ನೀವು ಸಿದ್ಧರಾಗಿರಬೇಕು. ಆದ್ದರಿಂದ ಪ್ರತಿ ಮದುವೆಗೂ ಮುನ್ನ ಆ ಮನೆಯ ಹಿರಿಯರೊಬ್ಬರ ಬಳಿ ಕುಳಿತು, ಯಾವುದರ ನಂತರ ಯಾವುದು, ಯಾರ ಕೈಯಿಂದ, ಎಲ್ಲಿ ಎಂದು ಕೇಳಿ ಬರೆದುಕೊಳ್ಳಿ.

ಇಡೀ ದಿನದಲ್ಲಿ ಅತ್ಯಂತ ಕಠಿಣವಾದದ್ದು ಅಂತರಪಟ ಸರಿಯುವ ಗಳಿಗೆ. ಗಟ್ಟಿಮೇಳ ಮೊಳಗುತ್ತದೆ, ವಧೂವರರು ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ, ಅಕ್ಷತೆ ಹಿಡಿದ ನೆಂಟರೆಲ್ಲ ಮಂಟಪದತ್ತ ನುಗ್ಗುತ್ತಾರೆ. ನನ್ನ ಆರಂಭದ ದಿನಗಳ ಒಂದು ಮದುವೆಯಲ್ಲಿ ನಾನು ಮಂಟಪದ ನೇರ ಎದುರಿಗೆ ನಿಂತಿದ್ದೆ; ಪಟ ಸರಿದಾಗ ಸೋದರಮಾವನವರ ಬೆನ್ನು ಅಡ್ಡ ಬಂದು, ವಧು ಕಣ್ಣೆತ್ತಿ ವರನನ್ನು ನೋಡಿದ ಆ ನೋಟ ಒಂದು ಚಿತ್ರದಲ್ಲೂ ಉಳಿಯಲಿಲ್ಲ. ಆಕೆಯ ತಾಯಿ ಆಲ್ಬಂನಲ್ಲಿ ಅದನ್ನೇ ಹುಡುಕಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಪುರೋಹಿತರನ್ನು ಮೊದಲೇ ಕಂಡು, ಪಟವನ್ನು ಯಾವ ಕಡೆಗೆ ಸರಿಸುತ್ತಾರೆಂದು ಕೇಳಿ, ವರನ ಹೆಗಲ ಹಿಂದಿನಿಂದ ವಧುವಿನ ಮುಖ ಕಾಣುವಲ್ಲಿ ನಾನು ನಿಂತು, ಎದುರು ಬದಿಗೆ ಸಹಾಯಕರನ್ನು ನಿಲ್ಲಿಸುತ್ತೇನೆ.

ಗಾಳಿಯಲ್ಲಿರುವ ಅಕ್ಷತೆ ಗೆರೆಯಾಗದೆ ಕಾಳಾಗಿಯೇ ಕಾಣಬೇಕಾದರೆ ಶಟರ್ ವೇಗ 1/500 ಸೆಕೆಂಡಿನ ಆಸುಪಾಸಿನಲ್ಲಿರಲಿ. ಕೆಲವು ಕಲ್ಯಾಣ ಮಂಟಪಗಳ ದೀಪಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗಿ ಚಿತ್ರಕ್ಕೆ ಪಟ್ಟೆಗಳನ್ನು ತರುವುದುಂಟು. ಅಲ್ಲಿ 1/100ಕ್ಕೆ ಇಳಿಯುವುದೇ ಸರಿ. ಇದನ್ನು ಹಿಂದಿನ ಸಂಜೆ ವರಪೂಜೆಯ ಹೊತ್ತಿಗೇ ಪರೀಕ್ಷಿಸಿಕೊಳ್ಳಬೇಕು.

ಎರಡು ಮೆಮೊರಿ ಕಾರ್ಡ್‌ಗಳಿಗೆ ಏಕಕಾಲಕ್ಕೆ ಚಿತ್ರ ಉಳಿಸುವ ಕ್ಯಾಮೆರಾವನ್ನೇ ಬಳಸಿ. ಆ ರಾತ್ರಿಯೇ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೆಡೆ ಇಡಿ.

ಮುಂಗಡವೆಷ್ಟು, ಧಾರೆಯ ದಿನ ಎಷ್ಟು, ಆಲ್ಬಂಗೆ ಎಷ್ಟು ಹಾಳೆ ಎಂಬುದೆಲ್ಲ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಹಣ ಪಡೆದು ಒಬ್ಬರ ಕೋರಿಕೆಯಂತೆ ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ಕೋರಿದವರೇ ಆಗಿರುತ್ತಾರೆ; ಹೀಗಾಗಿ ನಿಮ್ಮ ಪ್ರಚಾರಕ್ಕೆ ಆ ಚಿತ್ರಗಳನ್ನು ಬಳಸಬೇಕಿದ್ದರೆ ಲಿಖಿತ ಒಪ್ಪಿಗೆ ಪಡೆಯಲೇಬೇಕು. ಬಹಳಷ್ಟು ಹೊಸಬರು ಈ ಒಂದು ವಾಕ್ಯವನ್ನು ಬರೆಸಿಕೊಳ್ಳಲು ಸಂಕೋಚಪಡುತ್ತಾರೆ. ಸಂಕೋಚ ಬೇಡ.

ಆಷಾಢ ಮತ್ತು ಧನುರ್ಮಾಸಗಳಲ್ಲಿ ಹೆಚ್ಚಿನ ಮನೆಗಳವರು ಮದುವೆ ಇಟ್ಟುಕೊಳ್ಳದಿರುವುದರಿಂದ, ವೈಶಾಖ, ಜ್ಯೇಷ್ಠಗಳ ಗಳಿಕೆಯ ಒಂದು ಪಾಲನ್ನು ಆ ತಿಂಗಳುಗಳ ಬಾಡಿಗೆಗೂ ಸಹಾಯಕರ ಸಂಬಳಕ್ಕೂ ತೆಗೆದಿಡಬೇಕು. ಬಾಕಿ ಆಲ್ಬಂಗಳನ್ನು ಮುಗಿಸಲು ಆಷಾಢಕ್ಕಿಂತ ಒಳ್ಳೆಯ ಕಾಲವಿಲ್ಲ. ಹೊಸ ಮದುಮಗಳು ತವರಿಗೆ ಬಂದಿರುವ ತಿಂಗಳೂ ಅದೇ ಆದ್ದರಿಂದ, ಸಾಧ್ಯವಾದರೆ ಆಲ್ಬಂ ಅನ್ನು ನೀವೇ ಅಲ್ಲಿಗೆ ಒಯ್ದುಕೊಟ್ಟು, ತಾಯಿ ಮಗಳು ಹಾಳೆ ತಿರುವುವಾಗ ಅವರ ಕೈ ಎಲ್ಲೆಲ್ಲಿ ನಿಲ್ಲುತ್ತದೆಂದು ಗಮನಿಸಿ ಬನ್ನಿ.