ಗೇರ್‌ಬಾಕ್ಸ್ ಇಳಿಸುವ ಮೊದಲು

ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬದಲಿಸಿ ಶಕ್ತಿ ಏರಿಸಿದ ಕಾರು ಗ್ಯಾರೇಜಿಗೆ ಬಂತೆಂದರೆ, ರೋಗ ಯಾವುದು, ಮದ್ದು ಯಾವುದು ಎಂದು ಮಾಲೀಕ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾನೆ. ಕಟಪಾಡಿಯ ನನ್ನ ಗ್ಯಾರೇಜಿಗೆ ಬಂದ ಮಣಿಪಾಲದ ಹುಡುಗನೂ ಹಾಗೆಯೇ. "ಅಣ್ಣ, ಕ್ಲಚ್ ಹೋಗಿದೆ. ಹೆವಿ ಡ್ಯೂಟಿ ಕ್ಲಚ್ ಹಾಕಿ. ಹೇಗೂ ಬಿಚ್ಚುತ್ತೀರಲ್ಲ, ಫ್ಲೈವೀಲನ್ನೂ ಸಿಂಗಲ್ ಮಾಸ್ ಮಾಡಿಬಿಡಿ" ಎಂದ. ಫ್ಲೈವೀಲ್ ಎಂದರೆ ಎಂಜಿನ್ನಿನ ತುದಿಯಲ್ಲಿ ಕ್ಲಚ್ ಕೂರುವ ಭಾರದ ಚಕ್ರ; ಎರಡು ತುಂಡಿನ ಡ್ಯುಯಲ್ ಮಾಸ್ ತೆಗೆದು ಒಂದೇ ತುಂಡಿನದನ್ನು ಹಾಕಿ ಎಂದು ಅವನ ಮಾತು. ಕಾರು 1.6 ಲೀಟರಿನ ಟಿಡಿಐ ಡೀಸೆಲ್. ಕಂಪನಿಯಿಂದ ಬರುವಾಗ ಶಕ್ತಿ 105 ಪಿಎಸ್, ಟಾರ್ಕ್ ಅಂದರೆ ತಿರುಗಿಸುವ ಬಲ 250 ಎನ್‌ಎಂ. ರೀಮ್ಯಾಪ್ ಮಾಡಿದ ಟ್ಯೂನರ್ ಕೊಟ್ಟ ಹಾಳೆಯಲ್ಲಿ 310 ಎನ್‌ಎಂ ಎಂದು ಇತ್ತು. ಟಾರ್ಕ್ ಎಷ್ಟು ಏರಿದೆ ಎನ್ನುವುದಕ್ಕಿಂತ ಎಲ್ಲಿ ಏರಿದೆ ಎಂದು ನಾನು ಮೊದಲು ನೋಡುತ್ತೇನೆ. ಗ್ರಾಫಿನ ಗೆರೆ 1,600 ಆರ್‌ಪಿಎಂ ಆಸುಪಾಸಿನಲ್ಲೇ ಗೋಡೆ ಹತ್ತಿದ ಹಾಗೆ ನೆಟ್ಟಗೆ ಎದ್ದಿತ್ತು.

ಅವನ ದೂರು ಮೂರು. ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಕಾರು ಎಳೆಯುವುದಿಲ್ಲ. ಎಸಿ ಹಾಕಿ ನಿಂತಾಗ ಅಡಿಯಿಂದ ಗಡಗಡ ಸದ್ದು. ಎಂಜಿನ್ ಆಫ್ ಮಾಡುವಾಗ ಒಂದು 'ದಡ್'. ಇವು ಮೂರೂ ಒಂದೇ ಕಾಯಿಲೆ ಎಂದು ಅವನು ನಂಬಿದ್ದ. ನಾನು ಹಾಗೆ ಅಂದುಕೊಳ್ಳುವುದಿಲ್ಲ.

ಎಂಜಿನ್ ಕೂಗಿಯೂ ಕಾರು ಎಳೆಯದಿದ್ದರೆ ಕ್ಲಚ್ ಜಾರುತ್ತಿರಬಹುದು. ಆ ಜಾರುವುದನ್ನು ಮೊದಲು ಹಿಡಿಯೋಣ ಎಂದು ಹೊರಟೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟು, ಎಂಜಿನ್ ಆಫ್ ಆದರೆ ಕ್ಲಚ್ ಸರಿ ಇದೆ ಎನ್ನುವ ಪರೀಕ್ಷೆ ಎಲ್ಲರಿಗೂ ಗೊತ್ತು. ಟರ್ಬೊ ಡೀಸೆಲಿಗೆ, ಅದರಲ್ಲೂ ಟ್ಯೂನ್ ಮಾಡಿದ್ದಕ್ಕೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಿಂತ ಕಾರಿನಲ್ಲಿ ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿ, ಎಲ್ಲಿ ಉಂಟು? ಆ ಹೆಚ್ಚುವರಿ ಟಾರ್ಕ್ ಬರುವುದೇ ಬೂಸ್ಟ್ ಬಂದ ಮೇಲೆ. ಪೂರ್ತಿ ಸತ್ತ ಕ್ಲಚ್ಚನ್ನು ಮಾತ್ರ ಆ ಪರೀಕ್ಷೆ ಹಿಡಿಯುತ್ತದೆ.

ನಾನು ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಒಬಿಡಿ ಡಾಂಗಲ್ ಸಿಕ್ಕಿಸಿ, ಮೊಬೈಲಿನಲ್ಲಿ ಆರ್‌ಪಿಎಂ ಮತ್ತು ವೇಗ ಎರಡನ್ನೂ ದಾಖಲಿಸಿಕೊಳ್ಳುತ್ತೇನೆ. ಒಂದು ಗೇರಿನಲ್ಲಿ ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆ ಬದಲಾಗಬಾರದು. ಬದಲಾಯಿತೆಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಏನೋ ಜಾರುತ್ತಿದೆ. ಕಾಪು ದಾಟಿ ಪಡುಬಿದ್ರಿ ಕಡೆಗೆ ಹೆದ್ದಾರಿ ಸಪಾಟಾಗಿದೆ. ಬೆಳಿಗ್ಗೆ ಬೇಗ, ರಸ್ತೆ ಒಣಗಿದ್ದಾಗ, ಹುಡುಗನ ಕೈಗೆ ಮೊಬೈಲ್ ಕೊಟ್ಟು ಐದನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಶುರುವಿನಲ್ಲಿ ಸಂಖ್ಯೆ 22 ಇತ್ತು. ಬೂಸ್ಟ್ ಬಂದ ಕೂಡಲೇ 25ಕ್ಕೆ ಹಾರಿತು. ಮೇಲಿನ ಆರ್‌ಪಿಎಂಗೆ ಹೋದ ಹಾಗೆ ತಾನಾಗಿಯೇ 22ಕ್ಕೆ ಇಳಿಯಿತು. ಡಾಂಗಲ್ ಸ್ವಲ್ಪ ತಡವಾಗಿ ಓದುತ್ತದೆ, ಹಾಗಾಗಿ ಒಂದೇ ಓಟವನ್ನು ನಂಬಬಾರದು. ಪುನಃ ಪುನಃ ಮಾಡಿದರೂ ಅದೇ ಬಂತು.

ಸವೆದು ಮುಗಿದ ಕ್ಲಚ್ ಹೀಗೆ ಮಾಡುವುದಿಲ್ಲ. ಒಮ್ಮೆ ಜಾರಿತೆಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವ ತನಕ ಹಿಡಿಯುವುದಿಲ್ಲ. ಇದು ಟಾರ್ಕಿನ ಶಿಖರದಲ್ಲಿ ಮಾತ್ರ ಸೋತು, ಟಾರ್ಕ್ ಇಳಿದ ತಕ್ಷಣ ಹಿಡಿಯುತ್ತಿತ್ತು. ಅಂದರೆ ಕ್ಲಚ್ಚಿನಲ್ಲಿ ಜೀವ ಇತ್ತು, ಮ್ಯಾಪ್ ಅದರ ಶಕ್ತಿಗೆ ಮೀರಿ ಕೇಳುತ್ತಿತ್ತು.

ಇನ್ನು ಸದ್ದು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ಪೆಡಲ್ ಒತ್ತಿದೆ, ಗಡಗಡ ನಿಂತಿತು. ಬಿಟ್ಟೆ, ಬಂತು. ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಮೇಲೆ ಸಂಶಯ. ಒತ್ತಿದಾಗ ನಿಂತರೆ, ಕ್ಲಚ್ಚಿನಿಂದ ಗೇರ್‌ಬಾಕ್ಸಿನ ಒಳಗೆ ಹೋಗುವ ಇನ್‌ಪುಟ್ ಶಾಫ್ಟ್ ತಿರುಗುವಾಗ ಮಾತ್ರ ಬರುವ ಸದ್ದು ಅದು. ಒಂದೋ ಅದರ ಬೇರಿಂಗ್, ಇಲ್ಲವೇ ಎಂಜಿನ್ನಿನ ನಡುಕವನ್ನು ಡ್ಯುಯಲ್ ಮಾಸ್ ಫ್ಲೈವೀಲ್ ತಡೆಯದೆ ಗೇರ್‌ಬಾಕ್ಸಿಗೆ ದಾಟಿಸುತ್ತಿದೆ. ಈ ಫ್ಲೈವೀಲಿನ ಎರಡು ತುಂಡುಗಳ ನಡುವೆ ಗ್ರೀಸಿನಲ್ಲಿ ಕೂತ ಬಾಗಿದ ಸ್ಪ್ರಿಂಗ್‌ಗಳಿವೆ. ಐಡ್ಲಿಂಗಿಗಿಂತ ಕೆಳಗಿನ ಒಂದು ವೇಗದಲ್ಲಿ ಅವು ಜೋರಾಗಿ ಕುಣಿಯುತ್ತವೆ. ಸ್ಟಾರ್ಟ್ ಮಾಡುವಾಗಲೂ ಆಫ್ ಮಾಡುವಾಗಲೂ ಎಂಜಿನ್ ಆ ವೇಗವನ್ನು ದಾಟಲೇಬೇಕು. 'ದಡ್' ಸದ್ದು ಆಗಲೇ ಕೇಳುವುದು ಅದಕ್ಕೆ.

ಹಾಗೆಂದು ನೇರ ಫ್ಲೈವೀಲಿನ ಮೇಲೆ ಹಾಕಬಾರದು. ಬ್ಯಾಟರಿ ಸೊರಗಿ ಸ್ಟಾರ್ಟರ್ ನಿಧಾನ ತಿರುಗಿದರೂ ಸ್ಟಾರ್ಟ್ ಮಾಡುವಾಗ ಇಂಥದೇ ಸದ್ದು ಬರುತ್ತದೆ. ಬ್ಯಾಟರಿ ಚೆನ್ನಾಗಿತ್ತು. ಇಂಜೆಕ್ಟರ್‌ಗಳ ಕರೆಕ್ಷನ್, ಅಂದರೆ ಪ್ರತಿ ಸಿಲಿಂಡರಿಗೆ ಕಂಪ್ಯೂಟರ್ ಡೀಸೆಲ್ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂದು ಸ್ಕ್ಯಾನರಿನಲ್ಲಿ ನೋಡಿದೆ, ನಾಲ್ಕು ಸಿಲಿಂಡರೂ ಹೆಚ್ಚುಕಡಿಮೆ ಸಮ. ಕೆಳಗೆ ಬಗ್ಗಿ ನೋಡಿದರೆ ಎಂಜಿನ್ನಿನ ಕೆಳಗಿನ ಮೌಂಟಿಂಗಿಗೆ ನಡುಕ ದಾಟಿಸುವ ಗಟ್ಟಿ ಪಾಲಿಯುರೆಥೇನ್ ತುಂಡು ತುರುಕಿದ್ದರು. ಮೊದಲು ಕೇಳಿದಾಗ ಈ ವಿಷಯ ಹುಡುಗ ಬಾಯಿ ಬಿಟ್ಟಿರಲಿಲ್ಲ! ಟ್ಯೂನಿಂಗ್ ಮಾಡಿಸಿದವರು ಇಂಥ ಸಣ್ಣಪುಟ್ಟದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ತೆಗೆದ ಮೇಲೆ ಸೀಟಿಗೆ ಬರುತ್ತಿದ್ದ ನಡುಕ ಎಷ್ಟೋ ಇಳಿಯಿತು. 'ದಡ್' ಹಾಗೆಯೇ ಉಳಿಯಿತು. ಆಮೇಲೆಯೇ ಗೇರ್‌ಬಾಕ್ಸ್ ಇಳಿಸಿದ್ದು.

ಕ್ಲಚ್ ಪ್ಲೇಟಿನ ದಪ್ಪ ಬೇಕಾದಷ್ಟು ಇತ್ತು, ಮೈ ಮಾತ್ರ ಗಾಜಿನಂತೆ ನಯ. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆಗಳು. ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಒಳಗೆ ಕಪ್ಪು ಜಿಡ್ಡು ಸಿಡಿದಿತ್ತು. ಇಂಥಲ್ಲಿ ಮೂಗು ಉಪಯೋಗಕ್ಕೆ ಬರುತ್ತದೆ: ಗೇರ್ ಆಯಿಲಿಗೆ ಗಂಧಕದ ವಾಸನೆ ಇರುತ್ತದೆ, ಇದಕ್ಕೆ ಇರಲಿಲ್ಲ. ಎಂಜಿನ್ನಿನ ಹಿಂದಿನ ಸೀಲ್ ಒಣಗಿತ್ತು. ಹಾಗಾದರೆ ಅದು ಫ್ಲೈವೀಲಿನದೇ ಗ್ರೀಸ್. ಕ್ಲಚ್ ಜಾರಿ ಜಾರಿ ಆದ ಬಿಸಿಗೆ ಕರಗಿ ಹೊರಗೆ ಬಂದಿದೆ. ಕೈಯಲ್ಲಿ ತಿರುಗಿಸಿದಾಗ ಅದರ ಎರಡು ತುಂಡುಗಳ ನಡುವೆ ಆಟ, ಅಂದರೆ ಸಡಿಲ, ಜಾಸ್ತಿ ಇತ್ತು. ಆಟ ಇರುವುದು ಸಹಜ, ಎಷ್ಟು ಡಿಗ್ರಿ ಇರಬಹುದು ಎಂಬುದು ಪ್ರತಿ ಮಾದರಿಗೆ ಬೇರೆ, ತಯಾರಕರ ಪಟ್ಟಿ ನೋಡಿಯೇ ಹೇಳಬೇಕು. ಇದು ಪಟ್ಟಿಯ ಮಿತಿ ದಾಟಿತ್ತು.

ಸಿಂಗಲ್ ಮಾಸ್ ಬೇಡ ಎಂದೆ. ಅದು ಗಟ್ಟಿ, ಒಪ್ಪುತ್ತೇನೆ. ಆದರೆ ಸ್ಪ್ರಿಂಗ್ ನುಂಗುತ್ತಿದ್ದ ನಡುಕದಲ್ಲಿ ಬಹುಪಾಲು ಆಮೇಲೆ ಗೇರ್‌ಬಾಕ್ಸಿಗೆ ಹೋಗುತ್ತದೆ.

"ಹಾಗಾದರೆ ಟ್ಯೂನ್ ತೆಗೀಬೇಕಾ ಅಣ್ಣ?"

"ತೆಗೀಬೇಡ ಮಾರಾಯ, ಕೆಳಗಿನ ಆರ್‌ಪಿಎಂನಲ್ಲಿ ಸ್ವಲ್ಪ ಇಳಿಸು."

ಕಂಪನಿ ಅಳತೆಯದೇ ಡ್ಯುಯಲ್ ಮಾಸ್, ಹೊಸ ಕ್ಲಚ್ ಸೆಟ್ ಹಾಕಿದೆ. ಫ್ಲೈವೀಲಿನ ಬೋಲ್ಟ್‌ಗಳು ಒಮ್ಮೆ ಬಿಗಿದರೆ ಹಿಗ್ಗುವಂಥವು, ಹಳೆಯದನ್ನು ಪುನಃ ಹಾಕುವ ಹಾಗಿಲ್ಲ. ಹೊಸತನ್ನು 60 ಎನ್‌ಎಂಗೆ ಬಿಗಿದು, ಮೇಲೆ 90 ಡಿಗ್ರಿ ತಿರುಗಿಸಿದೆ. ಟ್ಯೂನರ್ 2,000 ಆರ್‌ಪಿಎಂ ಕೆಳಗಿನ ಟಾರ್ಕ್ ಕತ್ತರಿಸಿ, ಶಿಖರವನ್ನು 280ಕ್ಕೆ ಇಳಿಸಿಕೊಟ್ಟ. ಐದನೇ ಗೇರಿನಲ್ಲಿ 1,500ರ ಕೆಳಗೆ ಆಕ್ಸಿಲರೇಟರ್ ತುಳಿಯುವ ಅಭ್ಯಾಸ ಬಿಡು ಎಂದು ಹುಡುಗನಿಗೆ ಹೇಳಿದೆ. ಸ್ಪ್ರಿಂಗ್‌ಗಳಿಗೆ ಅತಿ ಹೆಚ್ಚು ಏಟು ಬೀಳುವುದೇ ಅಲ್ಲಿ.

ಹೊಸ ಕ್ಲಚ್ ಕೂತ ಮೇಲೆ ಅದೇ ರಸ್ತೆಯಲ್ಲಿ ದಾಖಲಿಸಿದೆವು. ಸಂಖ್ಯೆ 22 ಬಿಟ್ಟು ಅಲುಗಲಿಲ್ಲ, 'ದಡ್' ಹೋಗಿದೆ. ನ್ಯೂಟ್ರಲ್‌ನಲ್ಲಿ ಕಿವಿಗೊಟ್ಟರೆ ಸಣ್ಣ ಗುಂಯ್ ಸದ್ದು ಈಗ ಕೇಳುತ್ತದೆ, ಪೆಡಲ್ ಒತ್ತಿದರೆ ಇಲ್ಲ. ಅದು ಇನ್‌ಪುಟ್ ಶಾಫ್ಟಿನ ಬೇರಿಂಗ್. ಫ್ಲೈವೀಲಿನ ಗಲಾಟೆಯಲ್ಲಿ ಇಷ್ಟು ದಿನ ಮುಚ್ಚಿಹೋಗಿತ್ತು. ಈಗಲೇ ಬಿಚ್ಚುವಷ್ಟು ಆಗಿಲ್ಲ. ಮುಂದಿನ ಸರ್ವಿಸಿಗೆ ಗೇರ್ ಆಯಿಲ್ ಇಳಿಸಿ, ಲೋಹದ ಚೂರು ಎಷ್ಟು ಬರುತ್ತದೆ ನೋಡಿ ತೀರ್ಮಾನಿಸುವುದು ಎಂದು ಬಿಲ್ಲಿನ ಹಿಂದೆ ಬರೆದುಕೊಟ್ಟಿದ್ದೇನೆ.