ಕ್ರೆಡಿಟ್ ಕಾರ್ಡ್ ಸಮನ್ಸ್: ಬಡ್ಡಿ ದರವನ್ನು ಬಿಟ್ಟು ಲೆಕ್ಕವನ್ನು ಹಿಡಿದೆ

ಗದಗ-ಬೆಟಗೇರಿಯ ಮುದ್ರಕರಲ್ಲಿ ಎರಡು ಸಲಹೆಗಳು ಓಡಾಡುತ್ತಿವೆ. ಬ್ಯಾಂಕಿನ ದಾವೆಯ ಸಮನ್ಸ್ ಬಂದರೆ ಮನೆಯಲ್ಲಿಲ್ಲ ಎಂದು ಹೇಳಿಸಿ ಎನ್ನುವುದು ಒಂದು. ಒಡವೆ ಅಡವಿಟ್ಟಾದರೂ ಕೇಳಿದಷ್ಟು ಕಟ್ಟಿ ಎನ್ನುವುದು ಇನ್ನೊಂದು. ಎರಡನ್ನೂ ಮಾಡದೆ ನಾನು ಹೊರಬಂದಿದ್ದೇನೆ. ಸುಮಾರು 3 ಲಕ್ಷ ರೂಪಾಯಿಗೆ ಹೂಡಿದ್ದ ದಾವೆ 1.4 ಲಕ್ಷದ ಆಸುಪಾಸಿನಲ್ಲಿ ರಾಜಿಯಾಯಿತು. ‘ಬ್ಯಾಂಕಿನ ಮುಂದೆ ನಿನ್ನ ಲೆಕ್ಕವನ್ನು ಯಾರು ಕೇಳುತ್ತಾರೆ?’ ಎಂದಿದ್ದ ಭಾವನವರೇ ಈಗ ತಮ್ಮ ಪರಿಚಯದವರನ್ನು ನನ್ನ ಪ್ರೆಸ್ಸಿಗೆ ಕಳುಹಿಸುತ್ತಿದ್ದಾರೆ.

ಸಾಲದ ಕಥೆ ನಿಮಗೆ ಹೊಸದಲ್ಲ. ಕೋವಿಡ್ ಕಾಲದಲ್ಲಿ ಲಗ್ನಪತ್ರಿಕೆಯ ಕೆಲಸ ನಿಂತಿತು. ಕಾಗದ, ಇಂಕು, ಪ್ಲೇಟುಗಳನ್ನು ಹುಬ್ಬಳ್ಳಿಯಿಂದ ಕಾರ್ಡಿನ ಮೇಲೆ ತಂದೆ. ಕನಿಷ್ಠ ಮೊತ್ತ ಕಟ್ಟುವುದೂ 2022ರ ಮಧ್ಯಕ್ಕೆ ನಿಂತಿತು. ಸಮನ್ಸ್ ಬಂದದ್ದು 2024ರ ನವರಾತ್ರಿಯ ಹೊತ್ತಿಗೆ.

ಅದಕ್ಕೂ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ‘ವಾರಂಟ್’ ಎಂಬ ಹೆಸರಿನ ಹಾಳೆಗಳು ಬರುತ್ತಿದ್ದವು. ಅವುಗಳಲ್ಲಿದ್ದ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ನಿಜವಾದ ಸಮನ್ಸಿನ ಜೊತೆ ದಾವೆಯ ಪ್ರತಿ ಇತ್ತು, ಅದರ ತಾರೀಖು ಆ್ಯಪ್‌ನಲ್ಲೂ ಕಂಡಿತು. ನನ್ನದು ಸಾಮಾನ್ಯ ವಸೂಲಿ ದಾವೆ: ಲಿಖಿತ ಹೇಳಿಕೆಗೆ, ಎಂದರೆ ದಾವೆಗೆ ನಾವು ಬರೆದು ಕೊಡುವ ಉತ್ತರಕ್ಕೆ, 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಸಂಕ್ಷಿಪ್ತ ದಾವೆಯಾಗಿದ್ದರೆ ಹಾಜರಾಗಲು ಹತ್ತೇ ದಿನ. ಸಮನ್ಸ್ ಕೈಗೆ ಬಂದ ಕೂಡಲೇ ಇದನ್ನು ನೋಡಿಕೊಳ್ಳಿ.

ಹಣ ಮೊದಲು ಹೋದದ್ದು ಸಾಲ ಇತ್ಯರ್ಥ ಮಾಡಿಸುತ್ತೇವೆ ಎಂದ ಒಂದು ಸಂಸ್ಥೆಗೆ. ಒಂಬತ್ತೋ ಹತ್ತೋ ಸಾವಿರ ತೆಗೆದುಕೊಂಡು, ಬ್ಯಾಂಕಿಗೆ ಒಂದು ಇ-ಮೇಲ್ ಕಳುಹಿಸಿ ಸುಮ್ಮನಾದರು. ಮೊದಲು ಕಂಡ ವಕೀಲರು ಪೂರ್ತಿ ಮೊತ್ತವನ್ನು ಒಪ್ಪಿಕೊಂಡು ಕಂತು ಕೇಳೋಣ ಎಂದರು. ನಾನು ಒಪ್ಪಲಿಲ್ಲ. ಎರಡನೆಯವರು ಯುವ ವಕೀಲೆ. ಶುಲ್ಕ ಹನ್ನೆರಡು ಸಾವಿರದಷ್ಟು. ನನ್ನ ಲೆಕ್ಕವನ್ನು ಓದುವ ತಾಳ್ಮೆ ಅವರಿಗಿತ್ತು.

ಆದರೂ ಲಿಖಿತ ಹೇಳಿಕೆಯ ನಮ್ಮ ಮೊದಲ ಕರಡು ಬಿದ್ದುಹೋಯಿತು. ತಿಂಗಳಿಗೆ 3.5 ಶೇಕಡಾ, ಎಂದರೆ ವರ್ಷಕ್ಕೆ 42ರ ಬಡ್ಡಿ ಅನ್ಯಾಯ ಎಂಬ ವಾದದ ಮೇಲೆಯೇ ಅದು ನಿಂತಿತ್ತು. 30 ಶೇಕಡಾ ಮೀರಿದ ಬಡ್ಡಿ ಸಲ್ಲದು ಎಂಬ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ತೀರ್ಪು ಅದಕ್ಕೆ ಆಧಾರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ರದ್ದು ಮಾಡಿತು. ದರ ಹೆಚ್ಚು ಎಂಬ ಕಾರಣಕ್ಕೆ ಬ್ಯಾಂಕಿನ ಬಡ್ಡಿಯನ್ನು ನ್ಯಾಯಾಲಯ ಕೆದಕುವಂತಿಲ್ಲ ಎಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮೂ ಹೇಳುತ್ತದೆ. ಉಳಿದ ಕೆಲವೇ ವಾರಗಳಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು.

ಆಗ ಹಿಡಿದದ್ದು ಲೆಕ್ಕದ ದಾರಿ. ದಾವೆಯ ಜೊತೆ ಬ್ಯಾಂಕು ಕೊಟ್ಟದ್ದು ಒಟ್ಟು ಮೊತ್ತದ ಒಂದೇ ಹಾಳೆ. ಪ್ರತಿ ತಿಂಗಳ ಸ್ಟೇಟ್‌ಮೆಂಟ್ ಬೇಕು ಎಂದು ಬರೆದೆ. ಒಂದು ಪ್ರಯೋಗವನ್ನೂ ಮಾಡಿದೆ: ಕಾರ್ಡ್ ವಿಭಾಗಕ್ಕೆ ಇಂಗ್ಲಿಷಿನಲ್ಲಿ, ಹುಬ್ಬಳ್ಳಿ ಶಾಖೆಗೆ ಕನ್ನಡದಲ್ಲಿ ಅದೇ ಪತ್ರ. ಮೊದಲು ಉತ್ತರ ಬಂದದ್ದು ಕನ್ನಡದ ಪತ್ರಕ್ಕೆ, ಅದೂ ಶಾಖೆಯ ವ್ಯವಸ್ಥಾಪಕರ ಸಹಿಯೊಡನೆ. ಆಮೇಲೆ ಎಲ್ಲ ಪತ್ರಗಳನ್ನೂ ಕನ್ನಡದಲ್ಲೇ ಕಳುಹಿಸಿದೆ.

ಪ್ರತಿ ತಿಂಗಳನ್ನೂ ಖರೀದಿ, ಬಡ್ಡಿ, ಶುಲ್ಕ, ಜಿಎಸ್‌ಟಿ ಎಂದು ನಾಲ್ಕು ಕಾಲಂಗಳಲ್ಲಿ ಬಿಡಿಸಿದೆ. ಜೀವನವಿಡೀ ಲೆಡ್ಜರ್ ಹಾಳೆ ಮುದ್ರಿಸಿದ ಕೈ ಇದು. ಹಾಗಾಗಿ ದೊಡ್ಡ ಹಾಳೆಯಲ್ಲಿ, ಶುಲ್ಕಗಳನ್ನು ಕೆಂಪಿನಲ್ಲಿ ಹೊಡೆದೆ. ತಡ ಪಾವತಿ ಶುಲ್ಕ ಮತ್ತು ಅದರ ಜಿಎಸ್‌ಟಿಯನ್ನು ಮುಂದಿನ ತಿಂಗಳ ಬಾಕಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದ್ದು ಎದ್ದು ಕಂಡಿತು. ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನ ಇದನ್ನು ನಿಷೇಧಿಸಿತ್ತು. ಶುಲ್ಕ, ತೆರಿಗೆ, ಅವುಗಳ ಮೇಲೆ ಬೆಳೆದ ಬಡ್ಡಿ ಸೇರಿ ಐವತ್ತು-ಅರವತ್ತು ಸಾವಿರ. ಕೊನೆಗೆ ಐದನೆಯ ಕಾಲಂ ಒಂದನ್ನು ಸೇರಿಸಿದೆ. ಅದರಲ್ಲಿ ಏನಿತ್ತು ಎಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಇಬ್ಬರು ಸ್ನೇಹಿತರ ದಾವೆಗಳು ಇನ್ನೂ ನಡೆಯುತ್ತಿವೆ.

ಲಿಖಿತ ಹೇಳಿಕೆಯಲ್ಲಿ ಖರೀದಿಯನ್ನು ನಾನು ಅಲ್ಲಗಳೆಯಲಿಲ್ಲ. ತಂದ ಕಾಗದಕ್ಕೆ ಹಣ ಕೊಡಲೇಬೇಕು. ಉಳಿದ ಒಂದೊಂದು ಸಾಲನ್ನೂ ಸಾಬೀತು ಮಾಡಿ ಎಂದು ಕೇಳಿದೆ. ಹಾಗೆ ಕೇಳಿದ ಮೇಲೆ ಕಂಪ್ಯೂಟರ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಸಾಕ್ಷಿ ಹೇಳಲು ಅಧಿಕಾರಿಯೊಬ್ಬರು ಗದಗಕ್ಕೆ ಬರಬೇಕು. ಬ್ಯಾಂಕಿನ ವಕೀಲರ ಮಾತಿನ ಧಾಟಿ ಅಲ್ಲಿಂದ ಬದಲಾಯಿತು.

ಇದರ ನಡುವೆ ಹಾವೇರಿಯ ಕಾಗದದ ವ್ಯಾಪಾರಿಯೊಬ್ಬರ ಸಾಲದ ಕಾಲಮಿತಿಯನ್ನೂ, ಎಂದರೆ ಸಾಲ ಕೊಟ್ಟವರು ದಾವೆ ಹೂಡಲು ಇರುವ ಗಡುವನ್ನೂ, ಲೆಕ್ಕ ಹಾಕಿ ಕೊಟ್ಟೆ. ಮೂರು ವರ್ಷ ಮುಗಿದಿದೆ ಎಂದು ಅವರು ನಿಶ್ಚಿಂತರಾಗಿದ್ದರು. ಆದರೆ 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಎಣಿಕೆಯಿಂದ ಹೊರಗಿಟ್ಟಿದೆ. ಅವಧಿ ಮುಗಿಯುವ ಮುನ್ನ ಸಹಿ ಮಾಡಿ ಸಾಲ ಒಪ್ಪಿಕೊಂಡರೂ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವಸೂಲಿಯವರು ‘ಒಂದು ಸಾವಿರವಾದರೂ ಹಾಕಿ, ಒಂದು ಸಾಲು ಬರೆದು ಕೊಡಿ’ ಎಂದು ದುಂಬಾಲು ಬೀಳುವುದು ಇದಕ್ಕೇ.

2025ರ ಮಾರ್ಚ್ ಲೋಕ ಅದಾಲತ್‌ನಲ್ಲಿ ರಾಜಿ ಮುರಿಯಿತು. ಬಂದಿದ್ದ ಪ್ರತಿನಿಧಿಗೆ 2.2 ಲಕ್ಷಕ್ಕಿಂತ ಕೆಳಗಿಳಿಯುವ ಅಧಿಕಾರವೇ ಇರಲಿಲ್ಲ. ಅಧಿಕಾರಪತ್ರವಿರುವವರನ್ನೇ ಕಳುಹಿಸಿ ಎಂದು ಮೊದಲೇ ಬರೆಯಿಸಿಕೊಂಡು ಜುಲೈನಲ್ಲಿ ಮತ್ತೆ ಕುಳಿತೆವು. ಅದಾಲತ್‌ನಲ್ಲಿ ರಾಜಿಯಾದರೆ ದಾವೆಯ ಶುಲ್ಕ ಬ್ಯಾಂಕಿಗೆ ಮರಳುತ್ತದೆ; ಅದನ್ನು ನಾನೇ ನೆನಪಿಸಿದೆ. 1.4 ಲಕ್ಷ, ಐದು ಕಂತು.

ಅದಾಲತ್‌ನ ಆದೇಶಕ್ಕೆ ಡಿಕ್ರಿಯ, ಎಂದರೆ ನ್ಯಾಯಾಲಯದ ತೀರ್ಪಿನ, ಬಲವಿದೆ, ಮೇಲ್ಮನವಿಯಿಲ್ಲ. ಕಂತು ತಪ್ಪಿದರೆ ಬ್ಯಾಂಕು ನೇರವಾಗಿ ಅಮಲ್ಜಾರಿಗೆ, ಎಂದರೆ ನ್ಯಾಯಾಲಯದ ಮೂಲಕ ವಸೂಲಿಗೆ, ಹೋಗಬಹುದು. ಅದಕ್ಕಾಗಿ ಮೊದಲ ಎರಡು ಕಂತಿನ ಹಣವನ್ನು ಕೈಯಲ್ಲಿಟ್ಟುಕೊಂಡೇ ಸಹಿ ಮಾಡಿದೆ. ಬಾಕಿಯಿಲ್ಲ ಎಂಬ ಪತ್ರ ಕೈಸೇರಿದೆ. ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಖಾತೆ ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಾದದ್ದು) ಎಂದೇ ಕಾಣುತ್ತದೆ. ಹಾಗಾಗಿ ಹೊಸ ಕಟಿಂಗ್ ಯಂತ್ರಕ್ಕೆ ಬ್ಯಾಂಕ್ ಸಾಲ ಸದ್ಯಕ್ಕೆ ಸಿಗುವುದಿಲ್ಲ. ಹಳೆಯ ಯಂತ್ರದ ಬ್ಲೇಡನ್ನು ಸಾಣೆ ಹಿಡಿಸಿ ಕೆಲಸ ನಡೆಸಿದ್ದೇನೆ.